ಸಂಜೆಗೆ ಬೆಚ್ಚಗಾಗುತ್ತಿದ್ದ ಗೋಡೆ

ರಮಜಾನ್ ಶುರುವಾದಾಗಿನಿಂದ ಸೌಸನ್‌ಳ ತಾಯಿ ಇನ್ಶಿರಾಹ್ ಮಲಗುವ ಕೋಣೆಯ ಒಂದು ಗೋಡೆ ಸಂಜೆಯಾದರೆ ಬೆಚ್ಚಗಾಗುತ್ತಿತ್ತು. ಅಲೆಕ್ಸಾಂಡ್ರಿಯಾದ ಚಳಿಗೆ ಉಳಿದ ಗೋಡೆಗಳೆಲ್ಲ ತೇವ ಹಿಡಿದು ಕೊರೆಯುತ್ತಿದ್ದವು. ಮೆಟ್ಟಿಲ ಕಡೆಯದು ಮಾತ್ರ ಮನುಷ್ಯರ ಮೈಯಂತಿತ್ತು. ತಾಯಿ ಮಂಚವನ್ನು ಅದಕ್ಕೇ ಒತ್ತಿಸಿಕೊಂಡಳು.

"ನಿಮ್ಮಪ್ಪ ಬಂದಿದಾನೆ ಕಣೇ. ಕಿವಿಯಿಟ್ಟು ಕೇಳು, ಗುನುಗ್ತಿದಾನೆ."

ಸೌಸನ್ ಕಿವಿಯಿಟ್ಟಳು. ಗೋಡೆಯೊಳಗೆ ಯಾರೋ ಬಾಯಿ ಮುಚ್ಚಿಕೊಂಡು ಗುನುಗುವ ಸದ್ದು. ತೀರಿಕೊಂಡ ಅಪ್ಪ ಮೀನು ಮಾರುತ್ತಿದ್ದವನು. ಈಗ ಮೆಟ್ಟಿಲ ತುಂಬ ಹಸಿ ಮೀನಿನ ವಾಸನೆ. ಅಲ್ಲಿನ ದೀಪಗಳು ಉಸಿರಾಡುವಂತೆ ಮಂಕಾಗಿ, ಮತ್ತೆ ಬೆಳಗುತ್ತಿದ್ದವು.

ಮೇಲಿನ ಮನೆಯ ವಗೀದಾ ಇಫ್ತಾರ್ ಮುಗಿಸಿ ಕತಾಯಿಫ್ ಸಿಹಿ ತಂದಳು. ಹುಡುಗಿಯರಿಗೆ ವೈರಿಂಗ್ ಕಲಿಸುವ ಮೇಷ್ಟ್ರಮ್ಮ ಅವಳು.

"ಯಾರ ಮನೇಲಿ ಮೀನು?"

"ಯಾರೂ ಮಾಡಿಲ್ಲ," ಎಂದಳು ಸೌಸನ್, ಸಣ್ಣ ದನಿಯಲ್ಲಿ.

ವಗೀದಾ ಗೋಡೆಗೆ ಕೈಯ ಹಿಂಬದಿ ತಾಗಿಸಿದಳು. ಥಟ್ಟನೆ ಹಿಂತೆಗೆದಳು. "ಖಾಲಾ, ಮೊದಲು ಮಂಚದಿಂದ ಏಳಿ."

"ಗಂಡನ್ನ ಬಿಟ್ಟು ಏಳ್ಬೇಕಾ? ನಿನಗ್ಯಾಕೇ ಹೊಟ್ಟೆಕಿಚ್ಚು?"

"ಗೋಡೆಯ ಆ ಕಡೆ ಇರೋದು ಮೆಟ್ಟಿಲ ದೀಪಕ್ಕೆ ಕರೆಂಟು ಹಂಚೋ ಪೆಟ್ಟಿಗೆ, ಖಾಲಾ!"

ಕೂಗು ಕೇಳಿ ಕಟ್ಟಡದ ಕಾವಲುಗಾರ ಬಷಂದಿ ಓಡಿ ಬಂದ.

"ಪೆಟ್ಟಿಗೆಗೇನಾಗಿದೆ? ಓಣಿಯ ರಮಜಾನ್ ದೀಪಗಳನ್ನೆಲ್ಲ ಅದಕ್ಕೇ ಕೊಟ್ಟಿದೀನಿ. ಮೊದಲು ಅಜಾನ್ ಹೊತ್ತಿಗೇ ಟ್ರಿಪ್ ಆಗ್ತಿತ್ತು. ಜನ ಕತ್ತಲಲ್ಲಿ ಉಪವಾಸ ಬಿಡೋ ಖರ್ಜೂರ ತಡಕಾಡ್ಬೇಕಾ? ದೊಡ್ಡ ಎಂಸಿಬಿ ಸ್ವಿಚ್ಚು ಹಾಕ್ದೆ. ಈಗ ಜಪ್ಪಯ್ಯ ಅಂದ್ರೂ ಬೀಳಲ್ಲ!"

"ಭಾರ ಹೆಚ್ಚಾದ್ರೆ ಬೀಳೋದೇ ಅದರ ಕೆಲಸ ಕಣಪ್ಪಾ! ತಂತಿ ನಾಲ್ಕು ಬಲ್ಬಿಗೆ ಎಳೆದಿದ್ದು. ಇಡೀ ಓಣಿಯ ಭಾರ ಹೊತ್ತು ಅದು ಕಾದು, ಪ್ಲಾಸ್ಟಿಕ್ ಬೇಯ್ತಿದೆ. ಮೀನಿನ ವಾಸನೆ ಅದರದ್ದೇ. ಓಡು, ಮೇನ್ ಆಫ್ ಮಾಡು!"

ಓಣಿ ಒಮ್ಮೆಲೇ ಕತ್ತಲಾಯಿತು. ಗುನುಗು ನಿಂತಿತು.

ಟಾರ್ಚ್ ಬೆಳಕಿನಲ್ಲಿ ಮಂಚ ಎಳೆದರು. ಗೋಡೆಗೆ ತಾಗಿದ್ದ ದಿಂಬಿನ ಮೇಲೆ ಅಂಗೈಯಗಲದ ಕಂದು ಸುಟ್ಟ ಗುರುತಿತ್ತು. ಸೌಸನ್ ತಾಯಿಯ ತೋಳು ಹಿಡಿದಳು. ತಾಯಿ ಆ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು.

"ಅವನ ಕೈ ಯಾವತ್ತೂ ನನ್ನ ಸುಟ್ಟಿಲ್ಲ," ಎಂದಳು. "ಇದು ಅವನಲ್ಲ. ಬಷಂದಿ, ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬರೋವರೆಗೆ ಮೇನ್ ಹಾಕಿದ್ಯೋ, ನಿನ್ನ ಕೈ ಮುರಿತೀನಿ."

ಮರುದಿನ ಕರಕಲಾದ ಪೆಟ್ಟಿಗೆ ಹೋಗಿ ಹೊಸದು ಬಂತು. ತಂತಿಗೆ ತಕ್ಕ ಎಂಸಿಬಿ ಕೂತಿತು, ಓಣಿಯ ದೀಪಗಳಿಗೆ ಬೇರೆಯೇ ಲೈನು ಬಂತು. ಸಂಜೆ ತಾಯಿ ಗೋಡೆ ಮುಟ್ಟಿದಳು. ತಣ್ಣಗಿತ್ತು. ಇನ್ನೊಂದು ಕಂಬಳಿ ಹೊದ್ದಳು.

ಓದುವವರೇ, ಹಬ್ಬ ಯಾವುದೇ ಇರಲಿ, ಮೆಟ್ಟಿಲ ದೀಪದ ಲೈನಿಗೆ ಬೀದಿಯ ದೀಪ ಕಟ್ಟಬೇಡಿ. ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡದು ಹಾಕದೆ ಭಾರ ಇಳಿಸಿ. ಪೆಟ್ಟಿಗೆ ಗುನುಗಿದರೆ, ಗೋಡೆ ಬೆಚ್ಚಗಾದರೆ, ಮೀನಿಲ್ಲದೆಯೂ ಮೀನು ನಾರಿದರೆ ಮುಚ್ಚಳ ತೆರೆಯಬೇಡಿ. ಮೇನ್ ಆಫ್ ಮಾಡಿ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಇವತ್ತು ಸಂಜೆ, ದೀಪ ಹಚ್ಚಿದ ಮೇಲೆ, ನಿಮ್ಮ ಮನೆಯ ಕರೆಂಟು ಪೆಟ್ಟಿಗೆಯ ಹಿಂದಿನ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ. ಅದು ತಣ್ಣಗಿರಲಿ.