ಕಂಸದ ಮುಂದಿನ ಮೈನಸ್ಸು

ಮುಖಪುಟದ ಕರಡಿನಲ್ಲಿ ಒಂದೇ ಹೆಸರಿತ್ತು: ಪದ್ಮಾಕರ ಮಾಸ್ತರ. ಕಾಂತಾ ಅದನ್ನು ಎರಡೆರಡು ಸಲ ಓದಿದಳು. ಒಳಗಿನ ನಾನೂರು ಬೀಜಗಣಿತದ ಲೆಕ್ಕಗಳೂ ಅವಳವೇ. ಮದುವೆಗೆ ಮೊದಲು ಖಾನಾಪುರದಲ್ಲಿ ಓಣಿಯ ಹುಡುಗಿಯರಿಗೆ ಪಾಠ ಹೇಳುತ್ತ, ತಾನೇ ಕಟ್ಟಿ ತಾನೇ ಬಿಡಿಸಿದ ಲೆಕ್ಕಗಳು. ಅವನ್ನು ಬರೆದಿಟ್ಟ ವಹಿ ಅವಳ ಟ್ರಂಕಿನಲ್ಲಿ ಬೆಳಗಾವಿಗೆ ಬಂದು ಗಂಡನ ಕಣ್ಣಿಗೆ ಬಿದ್ದಿತ್ತು.

"ನನ್ನ ಹೆಸರು ಎಲ್ಲೈತ್ರಿ?" ಎಂದಳು.

ಪದ್ಮಾಕರ ನಕ್ಕ. "ಹುಚ್ಚಿ, ಹೆಂಗಸು ಬರದ ಗಣಿತ ಯಾರ್ ಓದ್ತಾರ? ನಿನ್ನ ಅಕ್ಷರ ಚಂದ ಅದಾವ, ಶುದ್ಧಪ್ರತಿ ಮಾಡಿ ಕೊಡು. ಸೋಮವಾರ ಪ್ರೆಸ್ಸಿಗೆ ಹೋಗಬೇಕು."

ಅವಳ ಮೈಯೆಲ್ಲ ಉರಿದುಹೋಯಿತು. ಅಯ್ಯಾ, ಕದ್ದ ಮಾಲನ್ನು ಒಡತಿಯ ಕೈಯಲ್ಲೇ ತೊಳೆಸುವ ಗಂಡಸು ಇವನು! ತರಗತಿಯಲ್ಲಿ ಉತ್ತರ ನೋಡಿಕೊಂಡೇ ಹಲಗೆ ತುಂಬಿಸುವ ಈ ಮಾಸ್ತರ ಶುದ್ಧಪ್ರತಿಯನ್ನು ತಿರುಗಿ ನೋಡುವವನಲ್ಲ. ಇವನ ಸೊಕ್ಕು ಮುರಿಯದಿದ್ದರೆ ನಾನು ಕಾಂತಾ ಅಲ್ಲ ಎಂದು ಹಲ್ಲು ಕಚ್ಚಿ ಬರೆಯಲು ಕೂತಳು. ಎಲ್ಲ ಲೆಕ್ಕ ಇದ್ದಂತೆಯೇ ಇಳಿಸಿದಳು. ಮೊದಲನೆಯದನ್ನು ಮಾತ್ರ ಕೆಡಿಸಿದಳು.

ಆ ಲೆಕ್ಕ ಹೀಗಿತ್ತು: ಅಕ್ಕನಿಗೆ ಹದಿನಾರು ವರ್ಷ. ಅದರಲ್ಲಿ ತಂಗಿಯ ಮೂರು ವರ್ಷದ ಹಿಂದಿನ ವಯಸ್ಸಿನ ಎರಡರಷ್ಟು ಕಳೆದರೆ ಹದಿನಾಲ್ಕು. ತಂಗಿಯ ಈಗಿನ ವಯಸ್ಸು ಕ್ಷ ಎಂದಿಟ್ಟುಕೊಂಡರೆ, 16 − 2(ಕ್ಷ − 3) = 14. ಈ ಕಂಸ ಕೃಷ್ಣನ ಮಾವನಲ್ಲ, ಲೆಕ್ಕದ ಆವರಣ. ಆದರೆ ಬಿಡಿಸಲು ಬಾರದವನಿಗೆ ಇದೂ ಜೀವ ತೆಗೆಯುತ್ತದೆ. ಮುಂದೆ ಮೈನಸ್ಸಿದ್ದರೆ ಒಳಗಿನ ಮೈನಸ್ಸು ಪ್ಲಸ್ಸಾಗಬೇಕು. ಕಾಂತಾ ಹಾಗೆಯೇ ಬಿಟ್ಟಳು: 16 − 2ಕ್ಷ − 6 = 14. ತಂಗಿಯ ವಯಸ್ಸು ಮೈನಸ್ ಎರಡಾಯಿತು.

1979ರ ಜೂನಿನಲ್ಲಿ ಬೆಳಗಾವಿಯಲ್ಲೇ ಪುಸ್ತಕದ ಬಿಡುಗಡೆ. ಮುಖ್ಯ ಅತಿಥಿ, ನಿವೃತ್ತ ಹೆಡ್‌ಮಾಸ್ತರ ಈರಯ್ಯನವರು, ಮೊದಲ ಪುಟ ತೆರೆದು ಹುಬ್ಬೇರಿಸಿದರು.

"ಎಲಾ ಇವನ! ಪದ್ಮಾಕರ, ಈ ತಂಗಿ ಹುಟ್ಟಾಕ ಇನ್ನೂ ಎರಡ ವರ್ಷ ಬೇಕಲ್ಲೋ!"

ಸಭೆ ಗೊಳ್ಳೆಂದು ನಕ್ಕಿತು. "ಬಾ, ಹಲಗಿ ಮ್ಯಾಲ ಸರಿ ಮಾಡಿ ತೋರಸು," ಎಂದರು ಈರಯ್ಯ.

ಪದ್ಮಾಕರ ಬರೆದ, ಒರೆಸಿದ, ಮತ್ತೆ ಬರೆದ. ಮತ್ತೂ ಮೈನಸ್ ಎರಡೇ. ಬೆವರು ಒರೆಸಿಕೊಳ್ಳುತ್ತ ಹೆಂಗಸರ ಸಾಲಿನತ್ತ ನೋಡಿ "ಕಾಂತಾ" ಎಂದ. ಅವಳು ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. ಕೂಗಲಿ ಇನ್ನೊಂದು ಸಲ, ಎಲ್ಲರ ಮುಂದೆ! ಕೂಗಿದ. ಆಗ ಎದ್ದುಹೋಗಿ ಕಂಸ ಬಿಡಿಸಿದಳು. 22 − 2ಕ್ಷ = 14. ಕ್ಷ = 4.

"ಭಲೇ ತಂಗಿ! ಗಂಡ ಚೊಲೋ ಕಲಿಸ್ಯಾನ," ಎಂದರು ಈರಯ್ಯನವರು.

"ಅವರೇನ್ ಕಲಸ್ತಾರ್ರೀ? ನಾನೂರೂ ಲೆಕ್ಕ ನಾ ಕಟ್ಟಿದ್ದು. ತಪ್ಪಿದ್ದು ಇದೊಂದ. ಅದನ್ನೂ ಬೇಕಂತ ನಾನ ಬರದೀನಿ, ಇವರಿಗೆ ತಿಳೀತೈತೋ ಇಲ್ಲೋ ನೋಡೂಣು ಅಂತ. ತಿಳೀಲಿಲ್ರಿ."

ಈಗ ಒಬ್ಬರೂ ನಗಲಿಲ್ಲ. ಪದ್ಮಾಕರನ ಮುಖ ಹುಳ್ಳಗಾಯಿತು. ಈರಯ್ಯನವರು ಪೆನ್ನು ತೆಗೆದು ಮುಖಪುಟದ ಹೆಸರು ಹೊಡೆದುಹಾಕಿದರು. "ನಿನ್ನ ಪೂರ್ತಿ ಹೆಸರು ಹೇಳವಾ."

"ಕಾಂತಾ ಜಿನಪಾಲ, ಖಾನಾಪುರ."

ಗಂಡನ ಹೆಸರು ಬರಬೇಕಾದ ಜಾಗದಲ್ಲಿ ಅವಳು ತಂದೆಯ ಹೆಸರು ಹೇಳಿದ್ದು ಇಡೀ ಸಭೆಗೆ ಕೇಳಿಸಿತು.