ಖಾಲಿ ವ್ಯಾಗನ್ನಿನ ತೂಕ

ವ್ಯಾಗನ್ನು ಮತ್ತೆ ಹಳಿ ಬಿಟ್ಟಿತು. ಎಂಜಿನ್ನು ಮುಂದಕ್ಕೆ ಎಳೆದಾಗ ಸಾಧುಪ್ರಾಣಿಯಂತೆ ಹಿಂಬಾಲಿಸಿದ್ದು, ಹಿಂದಕ್ಕೆ ತಳ್ಳಿದ ಕೂಡಲೇ ತಿರುವಿನಲ್ಲಿ ಗಾಲಿ ಎತ್ತಿ, ಮೇಜಿನ ಅಂಚಿನವರೆಗೂ ಜಾರಿ ಅಂಗಾತ ಬಿದ್ದುಕೊಂಡಿತು.

"ಬಿದ್ಲಾ ನಿನ್ನ ಮಹಾರಾಣಿ?" ಎಂದ ಅಚ್ಚುಗಾರ. ಆಟಿಕೆ ರೈಲುಗಳ ಆ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚುಗಳನ್ನು ಕೊರೆಯುವವನು ಅವನೇ. ಬಾಯಿ ತೆರೆದರೆ ಎದುರಿಗಿದ್ದವರನ್ನು ಕುಯ್ಯುತ್ತಾನೆಂದು ಎಲ್ಲರೂ ಅವನನ್ನು ಗರಗಸ ಎನ್ನುತ್ತಿದ್ದರು.

"ನಗಬೇಡ ಅಣ್ಣ. ನಾಳಿದ್ದು ಮಾಲೀಕರ ಮುಂದೆ ಬಿದ್ರೆ ನನ್ನ ಕಥೆ ಮುಗೀತು."

ಅವಳು ಅಲ್ಲಿನ ನಕ್ಷೆಗಾರ್ತಿ. ಕೆಲಸಕ್ಕೆ ಸೇರಿದಂದಿನಿಂದ ಬರೆದದ್ದೆಲ್ಲ ರಟ್ಟಿನ ಪೆಟ್ಟಿಗೆಗಳ ಮೇಲಿನ ಚಿತ್ರಗಳನ್ನೇ: ಬೇರೆಯವರು ರೂಪಿಸಿದ ಎಂಜಿನ್ನು, ಬೇರೆಯವರು ರೂಪಿಸಿದ ಡಬ್ಬಿ. ಸರಕು ಸಾಗಿಸುವ ವ್ಯಾಗನ್ನೊಂದನ್ನು ತಾನೇ ರೂಪಿಸುವ ಅವಕಾಶ ಈಗ ಮೊದಲ ಬಾರಿಗೆ ಕೈಗೆ ಬಂದಿತ್ತು. ಪರೀಕ್ಷೆಯ ಮೇಜಿನ ಅತಿ ಬಿಗಿಯಾದ ತಿರುವಿನಲ್ಲಿ, ಹಿಂದಕ್ಕೆ ತಳ್ಳಿದಾಗಲೂ ಅದು ಹಳಿ ಬಿಡದಿದ್ದರೆ ಅಚ್ಚು ಕೊರೆಯಲು ಅಪ್ಪಣೆ. ಬಿಟ್ಟರೆ ಅವಳು ಮರಳಿ ರಟ್ಟಿನ ಪೆಟ್ಟಿಗೆಗಳಿಗೆ.

ರೋಗವೇನೆಂದು ಹೇಳಲು ವೈದ್ಯರು ಬೇಕಿರಲಿಲ್ಲ. ವ್ಯಾಗನ್ನು ತೀರ ಹಗುರವಾಗಿತ್ತು. ಮಾಲೀಕರು ಕೇಳಿದ್ದು ಕಲ್ಲಿದ್ದಲಿನ ಗುಡ್ಡೆಯೊಂದನ್ನು ಅಂಟಿಸಿದ ವ್ಯಾಗನ್ನು. ಆ ಗುಡ್ಡೆಯ ಕೆಳಗೆ ಬೇಕಾದಷ್ಟು ಕಬ್ಬಿಣವನ್ನು ಬಚ್ಚಿಡಬಹುದಿತ್ತು. ಇವಳು ರೂಪಿಸಿದ್ದು ಮೇಲ್ಭಾಗ ತೆರೆದ, ಒಳಗೆ ಏನೂ ಇಲ್ಲದ ವ್ಯಾಗನ್ನು.

"ಒಂದು ಹಿಡಿ ಕಲ್ಲಿದ್ದಲು ಹಾಕಿ ಕೈ ತೊಳ್ಕೊಳ್ಳಮ್ಮ. ಖಾಲಿ ಡಬ್ಬ ಯಾರಿಗೆ ಬೇಕು? ನನ್ನ ತಲೇನೂ ಖಾಲಿನೇ, ಯಾರಾದ್ರೂ ಕೊಂಡ್ಕೊಂಡ್ರಾ?"

"ತುಂಬಿದ್ದನ್ನೇ ಕೊಟ್ರೆ ಮಕ್ಕಳು ಏನು ತುಂಬ್ಬೇಕಣ್ಣ? ಚಿಕ್ಕವಳಿದ್ದಾಗ ನನ್ನ ಹತ್ರ ಅಂಥದ್ದೊಂದಿತ್ತು. ಅದರಲ್ಲಿ ಅಂಗಿ ಗುಂಡಿ ಸಾಗಿಸ್ಬೇಕು ಅಂತ ನಂಗಾಸೆ. ಆ ಗುಡ್ಡೆ ಕೀಳೋಕೆ ಹೋಗಿ ಉಗುರು ಕಿತ್ಕೊಂಡೆ."

"ಹಾಗಾದ್ರೆ ತಳಕ್ಕೆ ಸೀಸ ಹುಯ್ಯಿ."

"ಮಕ್ಕಳು ಬಾಯಿಗಿಟ್ಕೋತಾರೆ."

"ಕಲ್ಲಿದ್ದಲೂ ಬೇಡ, ಸೀಸಾನೂ ಬೇಡ. ಇನ್ನು ನಾನೇ ಹತ್ತಿ ಕೂತ್ಕೋಬೇಕು ಅಷ್ಟೆ."

ತಳದಡಿಗೆ ಕಬ್ಬಿಣದ ತಗಡನ್ನು ಕೂರಿಸಿ ನೋಡಿದ್ದೂ ಆಗಿತ್ತು. ಅದು ಗಾಲಿಗಳಿಗೆ ತಾಗದಿರಲೆಂದು ತಳವನ್ನು ಮೇಲೆತ್ತಬೇಕಾಯಿತು. ತಳದೊಂದಿಗೆ ತೂಕವೂ ಮೇಲೇರಿತು. ವ್ಯಾಗನ್ನು ಮೊದಲಿಗಿಂತ ಬೇಗ ಮಗುಚಿತು.

ಮರುದಿನ ರಜೆ. ಕೇಳಿದವರಿಗೆಲ್ಲ ಪರದೆ ಹೊಲಿದುಕೊಡುತ್ತಿದ್ದ ಅವಳ ಅತ್ತೆ, ನಡುಮನೆಯನ್ನು ಬಟ್ಟೆಯಿಂದಲೇ ವಶಪಡಿಸಿಕೊಂಡಿದ್ದರು. ಸೊಸೆ ಕಿಟಕಿಯ ಬಳಿ ಕುಳಿತು ವ್ಯಾಗನ್ನನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದಳು. ಪಕ್ಕದಲ್ಲಿ ಚಹಾ ಆರಿಹೋಗಿತ್ತು.

"ದಿಟ್ಟಿಸ್ತಾ ಕೂತ್ರೆ ಅದೇನು ಮೊಟ್ಟೆ ಇಡುತ್ತೇನೇ? ಬಾ, ಈ ತುದಿ ಹಿಡ್ಕೊ."

ಸೊಸೆ ಹಿಡಿದುಕೊಂಡಳು. ಪರದೆ ಗಾಳಿಗೆ ಹಾರದಿರಲೆಂದು ಅತ್ತೆ ಅದರ ಕೆಳ ಅಂಚನ್ನು ಕಿರಿದಾದ ಕೊಳವೆಯಂತೆ ಮಡಿಸಿ ಹೊಲಿದು, ಉಕ್ಕಿನ ಸಣ್ಣ ಗುಂಡುಗಳ ಸರವೊಂದನ್ನು ಅದರೊಳಗೆ ತೂರಿಸುತ್ತಿದ್ದರು. ಸರ ಬಟ್ಟೆಯೊಳಗೇ ಹರಿದು ಬಂದು ಸೊಸೆಯ ಬೆರಳಿಗೆ ತಣ್ಣಗೆ ತಾಗಿತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ವ್ಯಾಗನ್ನಿನ ಎರಡು ಪಕ್ಕಗಳಲ್ಲೂ, ಗಾಲಿಗಳ ಹೊರಬದಿಗೆ, ಉದ್ದಕ್ಕೂ ಒಂದೊಂದು ತೊಲೆಯಿತ್ತು. ನಿಜವಾದ ವ್ಯಾಗನ್ನಿಗೆ ಇದೆಯೆಂಬ ಒಂದೇ ಕಾರಣಕ್ಕೆ ಅವಳು ಬರೆದಿದ್ದ ತೊಲೆಗಳು ಅವು. ಅವನ್ನೇ ಟೊಳ್ಳು ಮಾಡಿದರೆ? ತೂಕ ಮೇಲೇರುವ ಬದಲು ಗಾಲಿಯ ಮಟ್ಟಕ್ಕೆ ಇಳಿಯುತ್ತದೆ. ಅವಳ ಕೈ ಸಡಿಲಿತು. ಸರ ನೆಲಕ್ಕೆ ಜಾರಿತು.

"ಬಿಟ್ಟೇಬಿಟ್ಯಲ್ಲೇ!"

"ಅತ್ತೆ, ಇದರಲ್ಲಿ ಎರಡು ಗೇಣು ಕೊಡ್ತೀರಾ?"

"ಕೊಟ್ರೆ ಗಿರಾಕಿ ಪರದೆ ಕುಂಟುತ್ತೆ."

"ಕೊಡದಿದ್ರೆ ನಾನು ಕುಂಟ್ತೀನಿ."

ಅತ್ತೆ ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ, ಅವಳ ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ ನೋಡಿದರು. ಬಳಿಕ ಹೊಲಿಗೆ ಯಂತ್ರದ ಖಾನೆಯಿಂದ ಇಕ್ಕಳ ತೆಗೆದರು.

ಪರೀಕ್ಷೆಯ ದಿನ ಚಹಾ ವಿರಾಮದಲ್ಲಿ ಮಾಲೀಕರು ಬಂದು ಕುಳಿತರು. ಬಗಲಲ್ಲಿದ್ದ ಕಲ್ಲಿದ್ದಲು ಗುಡ್ಡೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು.

"ನಾನು ಕೇಳಿದ್ದು ತುಂಬಿದ ಡಬ್ಬಿ, ಅಲ್ವಾ?"

"ಹೌದು ಸರ್. ಮೊದಲು ಇದನ್ನ ತಳ್ಳಿ ನೋಡಿ."

ಎಂಜಿನ್ನು ಹಿಂದಕ್ಕೆ ಸರಿಯಿತು. ವ್ಯಾಗನ್ನು ತಿರುವಿಗಿಳಿದಂತೆ ಟೊಳ್ಳು ತೊಲೆಗಳೊಳಗೆ ಗುಂಡುಗಳು ಅಲುಗಿ ಗಡಗಡ ಸದ್ದು ಮಾಡುತ್ತಿದ್ದವು! ಬೆಳಿಗ್ಗೆ ಗರಗಸನ ಯಂತ್ರಗಳ ಗದ್ದಲದಲ್ಲಿ ಓಡಿಸಿ ನೋಡಿದಾಗ ಅದು ಕೇಳಿಸಿರಲೇ ಇಲ್ಲ. ವ್ಯಾಗನ್ನು ಮಾತ್ರ ಒಂದಿಷ್ಟೂ ಓಲಾಡದೆ ತಿರುವನ್ನು ದಾಟಿ ನೇರ ಹಳಿಗೆ ಬಂದು ನಿಂತಿತು.

"ಏನದು ಸದ್ದು?"

"ಒಳಗೆ ತೂಕಕ್ಕೆ ಅಂತ ಸರ ಇದೆ ಸರ್. ಅಂಟು ಹಾಕಿ ಬಿಗಿ ಮಾಡಿಬಿಡ್ತೀನಿ."

"ಮುಟ್ಟಬೇಡಿ."

ಮಾಲೀಕರು ಅದನ್ನು ಮತ್ತೊಮ್ಮೆ ತಳ್ಳಿಸಿದರು. ಈ ಸಲ ಕಿವಿಯನ್ನು ಮೇಜಿಗೆ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳಿದರು.

"ದೂರದಲ್ಲಿ ಗೂಡ್ಸ್ ಹೋದ ಹಾಗಿದೆ. ಖಾಲಿ ಡಬ್ಬಿಗೆ ಇಂಥ ಸದ್ದು ಎಲ್ಲಿಂದ ಬಂತು?"

"ಹೊಟ್ಟೆ ಖಾಲಿಯಿದ್ದಾಗ ನಂದೂ ಹಿಂಗೇ ಸರ್," ಎಂದ ಗರಗಸ.

ಮಾಲೀಕರು ನಗಲಿಲ್ಲ. ಚಹಾದ ತಟ್ಟೆಯಿಂದ ಸಕ್ಕರೆಯ ಚೌಕ ತುಂಡೊಂದನ್ನು ಎತ್ತಿ, ಸ್ವಲ್ಪ ಯೋಚಿಸಿ, ವ್ಯಾಗನ್ನಿನೊಳಗೆ ಇಟ್ಟರು. ಪಕ್ಕಕ್ಕೆ ಇನ್ನೊಂದನ್ನು ಒತ್ತಾಗಿ ಜೋಡಿಸಿದರು. ಆಮೇಲೆ ತಾವೇ ಎಂಜಿನ್ನು ನಡೆಸುವ ಗುಂಡಿ ತಿರುಗಿಸಿ ರೈಲನ್ನು ಮೇಜಿನಾಚೆ ಇದ್ದ ಗರಗಸನತ್ತ ಕಳಿಸಿದರು. ಅವನು ಸರಕನ್ನು ಇಳಿಸಿಕೊಂಡು ತನ್ನ ಲೋಟಕ್ಕೆ ಹಾಕಿಕೊಂಡ.

"ಇನ್ನೊಂದು ಕಳ್ಸಿ ಸರ್, ಸಿಹಿ ಸಾಲ್ದು."

ಮಾಲೀಕರು ಇನ್ನೊಂದನ್ನು ಕಳಿಸಿದರು. ಕಲ್ಲಿದ್ದಲು ಗುಡ್ಡೆಯ ನಕ್ಷೆಯ ಮೇಲೆ ಅವರ ಚಹಾದ ಲೋಟ ದುಂಡಗಿನ ಕಲೆಯೊಂದನ್ನು ಮೂಡಿಸಿತ್ತು. ಅವರು ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ.

"ಅಚ್ಚು ಯಾವಾಗ ಶುರು ಮಾಡ್ತೀಯಪ್ಪಾ?" ಎಂದು ಗರಗಸನನ್ನು ಕೇಳಿ, ಅವಳತ್ತ ತಿರುಗಿದರು. "ಪೆಟ್ಟಿಗೆ ಮೇಲಿನ ಚಿತ್ರಕ್ಕೆ ಈಗ ಬೇರೆ ಯಾರನ್ನಾದ್ರೂ ಹುಡುಕ್ಬೇಕಲ್ಲಮ್ಮ. ನೀವಂತೂ ಮುಂದಿನ ಡಬ್ಬಿ ಹಿಡ್ಕೊಂಡು ಕೂರ್ತೀರಿ."

ಅವಳು ಹಳಿಯ ಮೇಲೆ ಉದುರಿದ್ದ ಸಕ್ಕರೆಯ ಕಣಗಳನ್ನು ಬೆರಳ ತುದಿಯಿಂದ ಒರೆಸಿದಳು.

"ಯಾರಾದ್ರೂ ಬರೀಲಿ ಸರ್," ಎಂದಳು ಕೊನೆಗೆ. "ಚಿತ್ರದಲ್ಲೂ ಅದು ಖಾಲಿ ಇರ್ಲಿ, ಅಷ್ಟೆ."