ಐರನ್ ಮಾತ್ರೆ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಈ ಅಕ್ಕ-ತಮ್ಮನ ಹತ್ತಿರ ಸುಳಿದಿರಲಿಲ್ಲ. ಅಕ್ಕನದು ಔಷಧಿ ಅಂಗಡಿ, ಪಕ್ಕದ ಮಳಿಗೆಯಲ್ಲಿ ತಮ್ಮನ ಹೊಲಿಗೆ ಮಷಿನ್ನು. ಬಾಗಿ ಬಾಗಿ ಟೈಲರನಿಗೆ ಸೊಂಟ ಹಿಡಿದರೆ ಅಕ್ಕ ನೋವಿನ ಮಾತ್ರೆ ಕೊಡುತ್ತಿದ್ದಳು. ಆ ಪುಣ್ಯಾತ್ಮ ಅದನ್ನು ಖಾಲಿ ಹೊಟ್ಟೆಗೆ ನುಂಗಿ ಎದೆಯುರಿ ಅಂದರೆ, ಉರಿಗೆ ಇನ್ನೊಂದು ಮಾತ್ರೆ. ಆರು ತಿಂಗಳಿಂದ ಇದೇ ನಡೆದಿತ್ತು. ಡಾಕ್ಟರನ್ನ ಕೇಳು ಅನ್ನುವ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಇಪ್ಪತ್ತು ವರ್ಷ ಡಾಕ್ಟರ ಚೀಟಿ ಓದಿದವಳಿಗೆ ಅಷ್ಟು ಜಂಬ ಬೇಡವೇ!

ಹೋದ ತಿಂಗಳು ತಮ್ಮನ ಮುಖ ಬಿಳಿಚಿಕೊಂಡದ್ದು ಕಂಡು ಐರನ್ ಮಾತ್ರೆ ಕೊಟ್ಟಳು. "ರಕ್ತ ಕಡಿಮೆಯಾಗಿದೆ. ಇದನ್ನ ನುಂಗಿದ್ರೆ ಮಲ ಕಪ್ಪಗೆ ಹೋಗುತ್ತೆ, ಹೆದರಬೇಡ."

ಇವತ್ತು ಬೆಳಿಗ್ಗೆ ಅಕ್ಕ ಕಿತ್ತುಹೋದ ಗುಂಡಿ ಹೊಲಿಸಲು ಹೋದರೆ ತಮ್ಮ ಮಷಿನ್ನಿನ ಮೇಲೆ ತಲೆಯಿಟ್ಟು ಕೂತಿದ್ದ.

"ಏನೋ, ಬೆಳ್ಳಂಬೆಳಿಗ್ಗೆ ನಿದ್ದೆ?"

"ತಲೆ ಸುತ್ತುತ್ತೆ ಅಕ್ಕ."

"ಮಾತ್ರೆ ಕೆಲಸ ಮಾಡ್ತಿದೆಯಾ?"

"ಮಾಡ್ತಿದೆ. ನೀನು ಹೇಳಿದ ಹಾಗೇ, ಡಾಂಬರಿನಂಥ ಕಪ್ಪು. ನಿನ್ನೆ ಮೂರು ಸಲ ಹೋದೆ."

ಸಮಾಧಾನದಿಂದ ಅಕ್ಕ ಗುಂಡಿಗಾಗಿ ಡ್ರಾಯರ್ ಎಳೆದಳು. ದಾರದ ಉಂಡೆಗಳ ಕೆಳಗೆ ಅವಳೇ ಕೊಟ್ಟ ಐರನ್ ಮಾತ್ರೆಯ ಶೀಟುಗಳಿದ್ದವು. ಎರಡೇ ಮಾತ್ರೆ ಖಾಲಿ.

"ಇದೇನೋ?"

"ಬೈಬೇಡ. ಹೊಟ್ಟೆ ಕಟ್ಟಿಕೊಳ್ತು, ಎರಡೇ ದಿನಕ್ಕೆ ಬಿಟ್ಟೆ. ಅದರ ಕಪ್ಪು ಇನ್ನೂ ಇಳಿದಿಲ್ಲ ನೋಡು!"

ಅಕ್ಕ ಶೀಟು ಕೈಯಲ್ಲೇ ಹಿಡಿದು ಲೆಕ್ಕ ಹಾಕಿದಳು. ಎರಡು ಮಾತ್ರೆಯ ಕಪ್ಪು ತಿಂಗಳವರೆಗೆ ಉಳಿಯುವುದಿಲ್ಲ. ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿದೆ, ಹುಣ್ಣು ಒಳಗೇ ಸೋರುತ್ತಿದೆ, ಹೋಗುತ್ತಿರುವುದು ರಕ್ತ. ಗಿರಾಕಿಗಳಿಗೆಲ್ಲ "ಊಟ ಆದ ಮೇಲೆ ತಗೊಳ್ಳಿ" ಎಂದು ಗಿಣಿಪಾಠ ಒಪ್ಪಿಸುವವಳು ಒಡಹುಟ್ಟಿದವನು ತಿಂದನೋ ಇಲ್ಲವೋ ಒಂದು ದಿನ ಕೇಳಲಿಲ್ಲ. ಎರಡೂ ಅಂಗಡಿ ತೆರೆದಂತೆಯೇ ಬಿಟ್ಟು ಅವನನ್ನು ಆಟೋಗೆ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ನೋವಿನ ಮಾತ್ರೆ ಬರೆದುಕೊಟ್ಟಿದ್ದು ಯಾರು?"

"ಯಾರೂ ಇಲ್ಲ ಸಾರ್," ತಮ್ಮ ಮಲಗಿದ್ದಲ್ಲಿಂದಲೇ ಅವಸರ ಮಾಡಿದ. "ನಾನೇ ಎಲ್ಲೋ ತಗೊಂಡೆ."

"ಸುಳ್ಳು. ನಾನೇ ಕೊಟ್ಟಿದ್ದು," ಅಂದಳು ಅಕ್ಕ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಗಂಟಲಿನಿಂದ ಕ್ಯಾಮೆರಾ ಇಳಿಸಿ ರಕ್ತ ನಿಲ್ಲಿಸಬೇಕೆಂದು ಅವನನ್ನು ಒಳಗೆ ತಳ್ಳಿಕೊಂಡು ಹೊರಟರು. ಬಾಗಿಲ ಬಳಿ ಅವನು ಅಕ್ಕನ ಕೈ ಹಿಡಿದ.

"ಅಕ್ಕ, ಹೆದರಬೇಕಾಗಿಲ್ಲ ತಾನೆ?"

"ಡಾಕ್ಟರನ್ನ ಕೇಳು," ಅಂದಳು.